ಯಾವ ಪಟ್ಟಿಗೆ ಬಿದ್ದೆ

ಒಂದೇ ಸಿನಿಮಾವನ್ನು ನಾನು ಅರವತ್ತಾರು ಸಲ ನೋಡಿದ್ದೇನೆ. ಕನ್ನಡದ್ದಲ್ಲ, ಪಕ್ಕದ ಭಾಷೆಯದು. ಕುಸ್ತಿಯ ಮೇಲೆ ಮಾಡಿದ್ದ ನಗೆ ಚಿತ್ರ. ಅರವತ್ತೈದು ಸಲ ನಕ್ಕೆ, ಅರವತ್ತಾರನೆಯ ಸಲ ನಗು ಬರಲಿಲ್ಲ. ಅಷ್ಟರಲ್ಲಿ ನಾನು ನಮ್ಮ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಹಾಳು ಮಾಡಿ ಮುಗಿಸಿದ್ದೆ. ಹಾಳು ಅನ್ನುವ ಮಾತು ದೊಡ್ಡದಾಯಿತು ಎಂದು ನನ್ನ ಹೆಂಡತಿ ತಗಾದೆ ತೆಗೆಯುತ್ತಾಳೆ. ಅವರಿಗೇನು ಊಟಕ್ಕೆ ಕಷ್ಟವಾಯಿತೇ, ಮನೆಮಠ ಹೋಯಿತೇ ಎಂದು ಕೇಳುತ್ತಾಳೆ. ಎರಡೂ ಆಗಲಿಲ್ಲ, ನಿಜ. ಆದರೂ ನಾನು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆಗ ನನಗೆ ಇಪ್ಪತ್ಮೂರು ವರ್ಷ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಡೂರಿನ ಯಜಮಾನರೊಬ್ಬರ ಟೂರಿಂಗ್ ಟಾಕೀಸಿನಲ್ಲಿ ನಾನು ಮೈಕಿನವನು. ಟಾಕೀಸು ಅಂದರೆ ಒಂದು ದೊಡ್ಡ ಟೆಂಟು, ಒಂದೇ ಒಂದು ಪ್ರೊಜೆಕ್ಟರು, ನೆಲಕ್ಕೆ ಮರಳು. ಮರಳಿನ ಮೇಲೆ ಕೂತರೆ ನೆಲದ ಟಿಕೆಟು, ಹಿಂದೆ ಬೆಂಚು, ಅದರ ಹಿಂದೆ ಊರಿನ ದೊಡ್ಡವರಿಗೆ ಮಡಿಸುವ ಕುರ್ಚಿ. ಕಡೂರು, ತರೀಕೆರೆ, ಅಜ್ಜಂಪುರ, ಇದೇ ನಮ್ಮ ಸುತ್ತು. ಒಂದೂರಿನ ಲೈಸೆನ್ಸು ಮುಗಿದರೆ ಟೆಂಟು ಬಿಚ್ಚಿ ಮುಂದಿನ ಊರಿಗೆ ಹೊರಡುವುದು. ಬೆಳಿಗ್ಗೆ ಎತ್ತಿನ ಗಾಡಿಗೆ ಎರಡೂ ಕಡೆ ಪೋಸ್ಟರು ಕಟ್ಟಿ, ಸಿಂಗಟಗೆರೆ, ದೇವನೂರು ಎಂದು ಹಳ್ಳಿ ಸುತ್ತಿ ಕೂಗಿ ನೋಟೀಸು ಎಸೆಯುವುದು ನನ್ನ ಕೆಲಸ. ಸಂಜೆ ಪರಭಾಷೆಯ ಚಿತ್ರವಾದರೆ ಪರದೆಯ ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳುವುದೂ ನನ್ನದೇ. ಹೇಳುತ್ತಾ ಹೇಳುತ್ತಾ ಉಪ್ಪು ಖಾರ ಸೇರಿಸುತ್ತಿದ್ದೆ. ಜನ ಚಿತ್ರಕ್ಕಿಂತ ನನ್ನ ಮಾತಿಗೇ ಹೆಚ್ಚು ನಗುತ್ತಾರೆ ಎನ್ನುವ ಕೊಬ್ಬು ನನಗೆ ಬೇಗನೆ ಬಂತು.

ಆ ಚಿತ್ರದ ಕಥೆ ಬಹಳ ಇಲ್ಲ. ಕಡ್ಡಿಯಂಥ ಒಬ್ಬ ದರ್ಜಿ, ದಪ್ಪ ಪೈಲ್ವಾನನೊಬ್ಬನಿಗೆ ಚಡ್ಡಿ ಹೊಲಿದು ಕೊಡಲು ಹೋಗುತ್ತಾನೆ. ಯಾರೋ ಅವನನ್ನೇ ಎದುರಾಳಿ ಎಂದುಕೊಂಡು ಅಖಾಡಕ್ಕೆ ತಳ್ಳಿಬಿಡುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಕುಸ್ತಿ ನಡೆಸುವ ಹ್ಯಾಟಿನ ಧಣಿ ಇದನ್ನು ನೋಡುತ್ತಾನೆ. ದಪ್ಪ ಪೈಲ್ವಾನನ ಕಿವಿಯಲ್ಲಿ ಏನೋ ಊದುತ್ತಾನೆ. ಮುಂದಿನ ಸಲ ಆ ಬೆಟ್ಟದಂಥವನು ದರ್ಜಿ ಒಂದು ಸಲ ಸೀನಿದ್ದಕ್ಕೇ ದಬಕ್ಕನೆ ಬೀಳುತ್ತಾನೆ. ಅಲ್ಲಿಂದ ದರ್ಜಿಗೆ ಹೆಸರು, ಮೆರವಣಿಗೆ, ಕೊನೆಗೆ ಮದುವೆ. ಹ್ಯಾಟಿನವನಿಗೆ ಪ್ರತಿ ವಾರ ತುಂಬಿದ ಟೆಂಟು.

ಉಳಿದವರಿಗೆ ದರ್ಜಿ ಹಿಡಿಸಿದ. ನನಗೆ ಹಿಡಿಸಿದವನು ಹ್ಯಾಟಿನವನು. ಗೆಲ್ಲುವವನನ್ನು ನೋಡಲು ಜನ ಒಂದು ಸಲ ಬರುತ್ತಾರೆ, ಗೆಲ್ಲಬೇಕಾದವನು ಬಿದ್ದರೆ ಇನ್ನೊಂದು ಸಲ ಬರುತ್ತಾರೆ ಎಂದು ಅವನು ಸಿಗಾರು ಕಚ್ಚಿಕೊಂಡು ಹೇಳುತ್ತಿದ್ದ. ಅದನ್ನು ದಿನಕ್ಕೆರಡು ಸಲ ಮೈಕಿನಲ್ಲಿ ಕನ್ನಡಕ್ಕೆ ತರುತ್ತಿದ್ದವನು ನಾನು. ಒಂದು ಮಾತನ್ನು ಅಷ್ಟು ಸಲ ನಮ್ಮ ಬಾಯಲ್ಲೇ ಹೇಳಿದರೆ ಅದು ನಮ್ಮದೇ ಬುದ್ಧಿ ಅನ್ನಿಸತೊಡಗುತ್ತದೆ. ಆಟವೂ ಒಂದು ವ್ಯಾಪಾರ, ಸೋಲೂ ಒಂದು ಸರಕು, ಇದನ್ನು ಈ ಸೀಮೆಯಲ್ಲಿ ತಿಳಿದವನು ನಾನೊಬ್ಬನೇ ಎಂದುಕೊಂಡು ತಿರುಗುತ್ತಿದ್ದೆ. ಯಜಮಾನರು ಮುದುಕರಾಗಿದ್ದರು. ಇವತ್ತಲ್ಲ ನಾಳೆ ನನ್ನನ್ನು ಮ್ಯಾನೇಜರ್ ಮಾಡುತ್ತಾರೆ ಎಂಬ ಆಸೆಯೂ ಒಳಗೊಳಗೇ ಇತ್ತು.

ಕಡೂರಿನಲ್ಲಿ ಚಿತ್ರ ಚೆನ್ನಾಗಿ ಓಡಿತು. ತರೀಕೆರೆಯಲ್ಲಿ ಪರವಾಗಿಲ್ಲ. ಆಮೇಲೆ ಬೀರೂರಿನಲ್ಲಿ ರೈಲು ಬದಲಾಯಿಸಿ ಅಜ್ಜಂಪುರಕ್ಕೆ ಬಂದೆವು. ಅಲ್ಲಿ ನನ್ನ ಅಕ್ಕನ ಮನೆ.

ನಮ್ಮ ತಾಯಿ ಹೋದಾಗ ನಾನು ಸಣ್ಣವನು. ಅಕ್ಕ ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ನನ್ನನ್ನೂ ಜೊತೆಗೆ ಕರೆತಂದಳು. ಹೆಣ್ಣು ಕೊಟ್ಟ ಮನೆಯವರು ಗಂಟಿನ ಜೊತೆ ಭಾವಮೈದುನನನ್ನೂ ಕಳಿಸಿದ್ದಾರೆ ಎಂದು ಭಾವನ ಕಡೆಯವರು ಆಡಿಕೊಂಡರಂತೆ. ಭಾವ ಮಾತ್ರ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಎರಡು ಜೊತೆ ಎತ್ತು, ಒಂದಿಷ್ಟು ಎರೆಹೊಲ, ಸುಗ್ಗಿಯಲ್ಲಿ ಹತ್ತಿ, ಈರುಳ್ಳಿ ಮೂಟೆಗಳನ್ನು ಸ್ಟೇಷನ್ನಿಗೆ ಹೊಡೆಯುವ ಗಾಡಿ, ಇದು ಅವರ ಬದುಕು. ಆದರೆ ಅವರ ಜೀವ ಇದ್ದದ್ದು ಗರಡಿಯಲ್ಲಿ. ಹನ್ನೆರಡು ವರ್ಷದ ಹುಡುಗನಾಗಿದ್ದಾಗಿಂದ ಒಂದು ಬೆಳಿಗ್ಗೆಯೂ ತಪ್ಪಿಸಿದವರಲ್ಲ. ನಮ್ಮ ಕಡೆ ಅವರ ಬೆನ್ನಿಗೆ ಮಣ್ಣು ಹತ್ತಿಸಿದವನು ಬಹಳ ವರ್ಷಗಳಿಂದ ಯಾರೂ ಇರಲಿಲ್ಲ. ಗರಡಿ ನಡೆಸುತ್ತಿದ್ದ ವಸ್ತಾದರಿಗೆ ಮಕ್ಕಳಿಲ್ಲ. ಬರುವ ಯುಗಾದಿಗೆ ಭಾವನ ಕೈಗೆ ಮಟ್ಟಿಯ, ಅಂದರೆ ಕುಸ್ತಿಯಾಡುವ ಅಂಕಣದ, ಒಂದು ಹಿಡಿ ಮಣ್ಣು ಕೊಟ್ಟು, ಗರಡಿಯನ್ನು ಅವರಿಗೇ ಒಪ್ಪಿಸುತ್ತೇನೆ ಎಂದು ಊರಿನ ಹಿರಿಯರ ಮುಂದೆ ಹೇಳಿಬಿಟ್ಟಿದ್ದರು. ಭಾವ ಆ ವಿಷಯವನ್ನು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಅಕ್ಕ ಹೇಳುತ್ತಿದ್ದಳು, ನಿದ್ದೆಯಲ್ಲಿ ನಗ್ತಾರೆ ಕಣೋ ಅಂತ.

ಆ ಗರಡಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹುಡುಗನಾಗಿದ್ದಾಗ ನಾನೂ ಮೂರು ತಿಂಗಳು ಅಲ್ಲಿಗೆ ಹೋಗಿದ್ದೆ, ಆದ್ದರಿಂದ ಚೆನ್ನಾಗಿ ಗೊತ್ತು. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವ ಒಂದೊಂದು ವರಸೆಗೂ ಪಟ್ಟು ಎನ್ನುತ್ತಾರೆ. ಎಲ್ಲೇ ಕುಸ್ತಿಯಾಗಲಿ, ನಮ್ಮ ಗರಡಿಯವನು ಬಿದ್ದು ಬಂದರೆ ಮಾರನೆಯ ಬೆಳಿಗ್ಗೆ ಮಟ್ಟಿಯ ನಡುವೆ ನಿಲ್ಲಬೇಕು. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಆ ಮಣ್ಣನ್ನು ಒಂದು ಹಿಡಿ ಕೈಯಲ್ಲಿ ಹಿಡಿಯಬೇಕು. ವಸ್ತಾದರು ಕೇಳುತ್ತಾರೆ: ಯಾವ ಪಟ್ಟಿಗೆ ಬಿದ್ದೆ? ಅವನು ಹೇಳಬೇಕು, ಇನ್ನೊಬ್ಬನ ಮೇಲೆ ಮಾಡಿ ತೋರಿಸಬೇಕು. ಆಮೇಲೆ ಎಲ್ಲರೂ ಸೇರಿ ಅದಕ್ಕೊಂದು ಮರುಪಟ್ಟು ಹುಡುಕಬೇಕು. ಬೀಳುವುದಕ್ಕೆ ನಾಚಿಕೆಯಿಲ್ಲ, ಹೇಳದೇ ಇರುವುದಕ್ಕೆ ನಾಚಿಕೆ. ಮಣ್ಣು ಹಿಡಿದು ಸುಳ್ಳು ಹೇಳುವಂತಿಲ್ಲ. ನಾನು ದಿನಾ ಬೀಳುತ್ತಿದ್ದೆ, ದಿನಾ ಹೇಳುತ್ತಿದ್ದೆ. ನಿನ್ನಿಂದ ನಮ್ಮ ಹುಡುಗ್ರು ಎಲ್ಲಾ ಪಟ್ಟೂ ಕಲಿತ್ರು ಕಣಪ್ಪ ಎಂದು ವಸ್ತಾದರು ನನ್ನ ತಲೆ ಸವರುತ್ತಿದ್ದರು.

ಅಜ್ಜಂಪುರದ ಮೊದಲ ಆಟಕ್ಕೆ ಭಾವನನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ಅವರು ನಕ್ಕ ಹಾಗೆ ಆ ಟೆಂಟಿನಲ್ಲಿ ಯಾರೂ ನಗಲಿಲ್ಲ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕರು. ಮಾರನೆಯ ಬೆಳಿಗ್ಗೆ ಬಾನಿಯ ಹತ್ತಿರ ಎತ್ತಿಗೆ ನೀರು ಕುಡಿಸುತ್ತಾ ಇದ್ದಕ್ಕಿದ್ದ ಹಾಗೆ ಕೇಳಿದರು:

"ಅಲ್ಲ ಕಣೋ, ಆ ದಪ್ಪನೆ ಪೈಲ್ವಾನ ಬೇಕಂತ್ಲೇ ಬಿದ್ನಲ್ಲ, ಬೆಳಿಗ್ಗೆ ಗರಡಿಗೆ ಯಾವ ಮುಖ ಇಟ್ಕೊಂಡು ಹೋಗ್ತಾನೆ?"

"ಅದು ಸಿನಿಮಾ ಭಾವ. ಅವನಿಗೆ ಗರಡಿ ಎಲ್ಲಿಂದ ಬಂತು?"

"ಹಂಗಲ್ಲ. ಅಷ್ಟು ಮೈ ಬೆಳೆಸವ್ನೆ ಅಂದ್ರೆ ಎಲ್ಲೋ ಒಂದು ಗರಡಿ ಇರಬೇಕಲ್ಲ."

ನಾನು ನಕ್ಕುಬಿಟ್ಟೆ. ಇಷ್ಟು ವರ್ಷದಲ್ಲಿ ಆ ಚಿತ್ರದ ಬಗ್ಗೆ ನಾನು ಕೇಳಿದ ಬುದ್ಧಿವಂತಿಕೆಯ ಮಾತು ಅದೊಂದೇ. ಅವತ್ತು ನಾನದನ್ನು ಹಳ್ಳಿ ಗುಗ್ಗುವಿನ ಮಾತು ಎಂದುಕೊಂಡೆ.

ಅಜ್ಜಂಪುರ ಎಷ್ಟರ ಊರು. ನಾಲ್ಕು ದಿನಕ್ಕೆ ನೋಡುವವರೆಲ್ಲ ನೋಡಿ ಮುಗಿಸಿದರು. ಐದನೆಯ ದಿನ ಬೆಂಚುಗಳು ಖಾಲಿ ಹೊಡೆದವು. ಹೊಸ ಚಿತ್ರದ ಪೆಟ್ಟಿಗೆ ರೈಲಿನಲ್ಲಿ ಬರಲು ಇನ್ನೂ ಹದಿನೈದು ದಿನವಿತ್ತು. ಯಜಮಾನರು ನಶ್ಯ ಏರಿಸಿ, ಹಿಂಗಾದ್ರೆ ಕಷ್ಟ, ನೋಡೋಣ ಎಂದರು. ಅವರು ಹೇಳಿದ್ದು ಅಷ್ಟೇ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಭಾವನ ಹತ್ತಿರ ನಾನು ಹೇಳಿದ್ದು ಬೇರೆ.

ನನ್ನ ತಲೆಯಲ್ಲಿ ಹ್ಯಾಟಿನವನು ಕೂತಿದ್ದ. ಶನಿವಾರ ಸಂಜೆ ಮೊದಲ ಆಟಕ್ಕೆ ಮುಂಚೆ ಟೆಂಟಿನೊಳಗೇ ಒಂದು ನಿಜವಾದ ಕುಸ್ತಿ. ನಮ್ಮ ಭಾವನಿಗೂ ಸಿಂಗಟಗೆರೆ ಕಡೆಯ ಒಬ್ಬ ಯುವಕನಿಗೂ. ಅವನು ಗಟ್ಟಿಗ, ಆದರೆ ಕಲಿತವನಲ್ಲ, ಎತ್ತು ಗುಮ್ಮಿದ ಹಾಗೆ ನುಗ್ಗುವುದೊಂದೇ ಅವನಿಗೆ ಗೊತ್ತು. ಈ ಶನಿವಾರ ಭಾವ ಬೀಳಬೇಕು. ಊರು ನಂಬಬಾರದು. ಮುಂದಿನ ಶನಿವಾರ ಸೇಡಿನ ಕುಸ್ತಿ, ಟೆಂಟು ಹರಿದುಹೋಗುವಷ್ಟು ಜನ, ಭಾವ ಗೆಲ್ಲಬೇಕು. ಯಾರಿಗೂ ನಷ್ಟವಿಲ್ಲ. ಯಜಮಾನರಿಗೆ ಕುಸ್ತಿಯ ವಿಷಯವಷ್ಟೇ ಹೇಳಿದೆ, ಬೀಳುವ ವಿಷಯ ಹೇಳಲಿಲ್ಲ. ಸಿಂಗಟಗೆರೆಯವನಿಗೂ ಹೇಳಲಿಲ್ಲ. ಹೇಳಿದ್ದು ಭಾವನಿಗೆ ಒಬ್ಬರಿಗೇ, ಈರುಳ್ಳಿ ಮೂಟೆ ಹೇರಿದ ಗಾಡಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ.

ಅವರು ಬಾರುಕೋಲನ್ನು ಕೆಳಗಿಟ್ಟರು. ಎತ್ತುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು.

"ಆಗಲ್ಲ ಕಣಪ್ಪ" ಎಂದರು.

"ಟೆಂಟು ಮುಚ್ಚಿದ್ರೆ ನನ್ನ ಕೆಲಸ ಹೋಗುತ್ತೆ ಭಾವ. ಯಜಮಾನ್ರು ಹೇಳಿಬಿಟ್ಟಿದ್ದಾರೆ."

"ಹೇಳವ್ರಾ?"

"ಹೇಳಿದ್ದಾರೆ. ಮತ್ತೆ ನಿಮ್ಮನೆ ಜಗಲಿ ಮೇಲೇ ಬಂದು ಕೂತ್ಕೋಬೇಕು ನಾನು. ಜನ ಮೊದಲೇ ಆಡಿಕೊಂಡಿದ್ದಾರೆ."

ಈ ಕೊನೆಯ ಮಾತು ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಸ್ಟೇಷನ್ನು ಕಾಣುವ ತನಕ ಅವರು ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ಕೂತಿದ್ದರು. ಆಮೇಲೆ ಕೇಳಿದರು:

"ಮಟ್ಟಿಗೆ ಮಣ್ಣು ಎಲ್ಲಿಂದ ತರ್ತೀಯ?"

"ಕೆರೆಯಿಂದ ಒಂದು ಗಾಡಿ ಹೊಡಿಸ್ತೀನಿ."

"ಗರಡಿ ಮಣ್ಣು ತಗೋಬೇಡ" ಎಂದರು. ಅಷ್ಟೇ ಅವರ ಒಪ್ಪಿಗೆ.

ಮಾರನೆಯ ಬೆಳಿಗ್ಗೆ ಗರಡಿಯಲ್ಲಿ ನಿಂತು ಮಣ್ಣು ಹಿಡಿಯಬೇಕಾಗುತ್ತದೆ ಎನ್ನುವುದು ನನಗೆ ನೆನಪಾಗಲಿಲ್ಲ. ಮೂರು ತಿಂಗಳು ದಿನಾ ಹಿಡಿದವನು ನಾನು. ಭಾವನಿಗೆ ನೆನಪಾಗಿರಲೇಬೇಕು. ನೆನಪಿಟ್ಟುಕೊಂಡೇ ಒಪ್ಪಿದರು. ನನಗೆ ಇವತ್ತಿಗೂ ನುಂಗಲಾಗದ ತುತ್ತು ಅದು.

ಶನಿವಾರ ಟೆಂಟು ತುಂಬಿತು. ದೇವರ ಹಾಡಿನ ರೆಕಾರ್ಡು ಹಾಕುವ ಮೊದಲೇ ನೆಲದಲ್ಲಿ ಜಾಗವಿರಲಿಲ್ಲ. ಪರದೆಯ ಮುಂದೆ ಕೆರೆಮಣ್ಣಿನ ಮಟ್ಟಿ. ವಸ್ತಾದರು ವಿಭೂತಿ ಹಚ್ಚಿ, ಪೇಟ ಸುತ್ತಿ ಮಟ್ಟಿಯ ಮುಂದೆಯೇ ಹಾಕಿಸಿದ್ದ ಕುರ್ಚಿಯಲ್ಲಿ ಬಂದು ಕೂತರು. ನಾನೇ ಹೋಗಿ ಕರೆದಿದ್ದೆ. ಹಿರಿಯರು ಇಬ್ಬರ ಕೈ ಕೂಡಿಸಿದರು. ಕುಸ್ತಿ ಶುರುವಾಯಿತು.

ಮೊದಲ ಕಾಲು ಗಂಟೆ ಭಾವ ಅವನನ್ನು ಮಗುವಿನ ಹಾಗೆ ಆಡಿಸಿದರು. ಎರಡು ಸಲ ಅವನ ಬೆನ್ನು ಇನ್ನೇನು ಮಣ್ಣಿಗೆ ತಾಗಬೇಕು, ಬಿಟ್ಟುಬಿಟ್ಟರು. ನಾನು ಮೈಕಿನಲ್ಲಿ ಊರನ್ನು ಕುಣಿಸುತ್ತಿದ್ದೆ. ಆಮೇಲೆ ಒಂದು ಸಲ ಆ ಯುವಕ ತಲೆ ತಗ್ಗಿಸಿ ನುಗ್ಗಿದ. ಭಾವ ಪಕ್ಕಕ್ಕೆ ಸರಿಯಲಿಲ್ಲ. ಅವನು ಸೊಂಟ ಹಿಡಿದ, ಇವರು ಬಿದ್ದರು. ಎರಡೂ ಭುಜ ಮಣ್ಣಿಗೆ ಹತ್ತಿದವು.

ಟೆಂಟು ಒಂದು ಕ್ಷಣ ಉಸಿರು ಬಿಡಲಿಲ್ಲ. ಆ ಮೌನ ನನಗೆ ಸಹಿಸಲಾಗಲಿಲ್ಲ. ಮೈಕು ಕೈಯಲ್ಲಿತ್ತು, ನಾಲಿಗೆ ಸುಮ್ಮನಿರಬೇಕಲ್ಲ. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಮುಂದಿನ ಶನಿವಾರ ಬನ್ನಿ" ಎಂದುಬಿಟ್ಟೆ. ಊರಿಗೆ ಊರೇ ನಕ್ಕಿತು. ಬಿದ್ದರೂ ಒಪ್ಪಿಕೊಳ್ಳದವನಿಗೆ ಹೇಳುವ ಗಾದೆ ಅದು. ಹಾಗೆ ಹೇಳಬೇಕೆಂದು ಯಾವ ಹ್ಯಾಟಿನವನೂ ನನಗೆ ಕಲಿಸಿರಲಿಲ್ಲ, ಅದು ನನ್ನದೇ ಸ್ವಂತ ಸಂಪಾದನೆ. ಭಾವ ಎದ್ದು, ಗೆದ್ದವನ ಬೆನ್ನು ತಟ್ಟಿ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು. ಆ ಯುವಕ ಖುಷಿಯಿಂದ ಅಳುತ್ತಿದ್ದ. ವಸ್ತಾದರು ಸಿನಿಮಾಕ್ಕೆ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಗರಡಿಗೆ ಹೋದೆ. ಸೇಡಿನ ಕುಸ್ತಿಯ ನೋಟೀಸು ಆಗಲೇ ಅಚ್ಚಾಗಿ ಬಂದಿತ್ತು. ಯಾಕೆಂದರೆ ಭಾವ ಬೀಳುವ ಮೂರು ದಿನ ಮೊದಲೇ ನಾನದನ್ನು ಬೀರೂರಿನ ಪ್ರೆಸ್ಸಿಗೆ ಕೊಟ್ಟಿದ್ದೆ. ಒಂದು ಕಟ್ಟು ಬಗಲಲ್ಲಿ ಇಟ್ಟುಕೊಂಡು, ವಸ್ತಾದರ ಕೈಗೆ ಮೊದಲ ನೋಟೀಸು ಕೊಡೋಣವೆಂದು ಹೋಗಿದ್ದೆ. ಗರಡಿಯ ಬಾಗಿಲು ಚಿಕ್ಕದು, ಸೊಂಟ ಬಗ್ಗಿಸಿ ಒಳಗೆ ಹೋಗಬೇಕು. ನಾನು ಬಗ್ಗಿದೆ. ಒಳಗೆ ಯಾರೂ ಬಸ್ಕಿ ಹೊಡೆಯುತ್ತಿರಲಿಲ್ಲ, ಸಾಮು ತೆಗೆಯುತ್ತಿರಲಿಲ್ಲ. ಎಲ್ಲರೂ ಗೋಡೆಗೆ ಒರಗಿ ನಿಂತಿದ್ದರು. ಮಟ್ಟಿಯ ನಡುವೆ ಭಾವ, ಕೈಯಲ್ಲಿ ಒಂದು ಹಿಡಿ ಮಣ್ಣು. ಆಗ ನೆನಪಾಯಿತು ನನಗೆ. ಬಾಗಿಲಲ್ಲೇ ನಿಂತುಬಿಟ್ಟೆ.

"ಯಾವ ಪಟ್ಟಿಗೆ ಬಿದ್ದೆ?" ವಸ್ತಾದರು ಕೇಳಿದರು.

ಭಾವ ಮಾತಾಡಲಿಲ್ಲ.

"ನಾನೂ ಮುಂದೇನೆ ಕೂತಿದ್ದೆ ಕಣ್ಲಾ. ನನಗೆ ಯಾವ ಪಟ್ಟೂ ಕಾಣ್ಲಿಲ್ಲ. ಕಣ್ಣು ಮಂಜಾಗವೆ ಅಂತಿಟ್ಕೋ. ನಿನ್ನ ಮೈಗೆ ಗೊತ್ತಿರ್ತದಲ್ಲ, ಹೇಳು."

ಭಾವ ಮಣ್ಣನ್ನೇ ನೋಡುತ್ತಿದ್ದರು. ಕತ್ತರಿ ಎಂದೋ ಧೋಬಿ ಎಂದೋ ಒಂದು ಪಟ್ಟಿನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಆದರೆ ಮಣ್ಣು ಕೈಯಲ್ಲಿತ್ತು. ನಿಜ ಹೇಳಿದರೆ ನಾನು ಸಿಕ್ಕಿಬೀಳುತ್ತಿದ್ದೆ. ಟಿಕೆಟಿಗೆ ದುಡ್ಡು ಕೊಟ್ಟ ಜನ ಟೆಂಟಿಗೆ ಬೆಂಕಿ ಹಾಕದೆ ಬಿಡುತ್ತಿರಲಿಲ್ಲ, ನನ್ನ ಬೆನ್ನು ಮುರಿಯದೆ ಬಿಡುತ್ತಿರಲಿಲ್ಲ. ಅವರು ಒಂದು ಸಲ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಹೊರಗೆ ಬಿಸಿಲೇರಿತ್ತು, ಗಾಡಿ ಕಟ್ಟುವ ಹೊತ್ತಾಯಿತು ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಅಥವಾ ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ನಾನು ನೋಟೀಸಿನ ಕಟ್ಟನ್ನು ಬೆನ್ನ ಹಿಂದೆ ಸರಿಸಿಕೊಂಡೆ.

ವಸ್ತಾದರು ಮೂರು ಸಲ ಕೇಳಿದರು. ಮೂರನೆಯ ಸಲ ಅವರ ದನಿ ಬೇಡಿಕೊಳ್ಳುವ ಹಾಗಿತ್ತು. ಕೊನೆಗೆ, "ಉತ್ತರ ಬಂದ ದಿನ ಒಳಗೆ ಬಾರಪ್ಪ" ಎಂದು ಹೇಳಿ ಆಂಜನೇಯನ ಗೂಡಿನ ಕಡೆ ತಿರುಗಿಕೊಂಡರು. ಭಾವ ಮಣ್ಣನ್ನು ಮೆಲ್ಲಗೆ ಮಟ್ಟಿಗೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಗ್ಗಿ ಹೊರಗೆ ಬಂದರು. ನನ್ನ ಪಕ್ಕದಲ್ಲೇ ದಾಟಿ ಹೋದರು. "ತಿಂಡಿಗೆ ಬಾ, ನಿಮ್ಮಕ್ಕ ಕಾಯ್ತಾಳೆ" ಎಂದರು. ನಾನು ಹೋದೆ. ರೊಟ್ಟಿಯನ್ನೂ ತಿಂದೆ.

ಸೇಡಿನ ಕುಸ್ತಿ ನಡೆಯಲಿಲ್ಲ. ಗರಡಿಯಿಂದ ಹೊರಗಿರುವವನು ಅಖಾಡಕ್ಕೆ ಇಳಿಯುವಂತಿಲ್ಲ ಎಂದು ಭಾವ ಒಂದೇ ಮಾತಿನಲ್ಲಿ ಹೇಳಿದರು, ನಾನು ಒತ್ತಾಯ ಮಾಡಲಿಲ್ಲ. ಅಷ್ಟು ಮಟ್ಟಿಗೆ ಮಾನ ಉಳಿದಿತ್ತು ನನಗೆ. ಶನಿವಾರ ಬಂದ ಜನ ಕುಸ್ತಿಯಿಲ್ಲವೆಂದು ತಿಳಿದು ಮರಳು ಎರಚಿ, ಬೆಂಚು ಉರುಳಿಸಿ ಹೋದರು. ಯಜಮಾನರು ಹೊಸ ಪೆಟ್ಟಿಗೆಗೂ ಕಾಯದೆ ಟೆಂಟು ಬಿಚ್ಚಿಸಿದರು. ಮುಂದಿನ ವರ್ಷ ಟಾಕೀಸನ್ನೇ ಮಾರಿದರು. ನಾನು ಕಡೂರಿನಲ್ಲಿ ಬಸ್ ಏಜೆಂಟನಾದೆ, ಅಲ್ಲೂ ಕೂಗುವ ಕೆಲಸವೇ. ಹ್ಯಾಟಿನವನ ಪಾಠ ಸುಳ್ಳೇನಲ್ಲ. ಬೀಳಬಾರದವನು ಬಿದ್ದರೆ ಜನ ಇನ್ನೊಂದು ಸಲ ಬರುತ್ತಾರೆ, ಬಂದೇ ಬಂದರು. ಬಿದ್ದವನು ಎದ್ದು ಎಲ್ಲಿಗೆ ಹೋಗುತ್ತಾನೆ ಎನ್ನುವುದು ಮಾತ್ರ ಅವನ ಪಾಠದಲ್ಲಿ ಇರಲಿಲ್ಲ.

ಯುಗಾದಿ ಬಂತು, ಹೋಯಿತು. ವಸ್ತಾದರು ಯಾರಿಗೂ ಮಣ್ಣು ಕೊಡಲಿಲ್ಲ. ಭಾವ ಎಂದಿನಂತೆ ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದರಂತೆ. ಎದ್ದು ಮಾಡಲು ಏನೂ ಇಲ್ಲದೆ, ಉತ್ತ ಹೊಲವನ್ನೇ ಇನ್ನೊಂದು ಸಲ ನೋಡಿಕೊಂಡು ಬರುತ್ತಿದ್ದರಂತೆ. ಅಕ್ಕ ಇದನ್ನು ವಯಸ್ಸು ಎಂದು ತಿಳಿದಳು, ಈಗಲೂ ಹಾಗೆಯೇ ತಿಳಿದಿದ್ದಾಳೆ. ಸಂತೆಯಲ್ಲಿ ಪಡ್ಡೆಗಳು, ಏನ್ ಪೈಲ್ವಾನ್ರೇ, ಮೀಸೆ ಹೆಂಗೈತೆ ಎಂದು ಕೇಳುತ್ತಿದ್ದರು. ನನ್ನ ಮೈಕಿನ ಮಾತು ಅಷ್ಟು ಚೆನ್ನಾಗಿ ಊರಲ್ಲಿ ಬೇರು ಬಿಟ್ಟಿತ್ತು. ಭಾವ ಒಂದು ದಿನ ಕ್ಷೌರಕ್ಕೆ ಕೂತವರು ಮೀಸೆಯನ್ನೇ ತೆಗೆಸಿಕೊಂಡು ಬಂದರು. ಅವರ ಮಗ ಗರಡಿಗೆ ಹೋಗುತ್ತೇನೆಂದು ಹಟ ಹಿಡಿದರೆ, ಸ್ಕೂಲಿದೆಯಲ್ಲ ಹೋಗು ಎನ್ನುತ್ತಿದ್ದರು.

ನಾನು ಹಬ್ಬಕ್ಕೆ ಹುಣ್ಣಿಮೆಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಒಂದು ದಿನವೂ ಅವರು ಆ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಈ ಸಲ ಹೇಳಬೇಕು ಎಂದುಕೊಂಡು ರೈಲು ಹತ್ತುತ್ತಿದ್ದೆ, ಹೋಳಿಗೆ ತಿಂದು ವಾಪಸಾಗುತ್ತಿದ್ದೆ. ಹೀಗೇ ಏಳೆಂಟು ವರ್ಷ ಹೋಯಿತು. ಎಷ್ಟು ಸುಲಭವಾಗಿ ಹೋಯಿತು ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಅರವತ್ತರ ದಶಕದ ನಡುವೆ ಒಮ್ಮೆ ಬಸ್ಸಿನ ಕೆಲಸದ ಮೇಲೆ ತರೀಕೆರೆಗೆ ಹೋಗಿದ್ದೆ. ಯಾರದೋ ಟೆಂಟಿನಲ್ಲಿ ಅದೇ ಚಿತ್ರ ಮತ್ತೆ ಬಂದಿತ್ತು. ಹಳೆಯ ಪ್ರಿಂಟು, ಮಳೆ ಸುರಿದ ಹಾಗೆ ಗೆರೆಗೆರೆ. ಟಿಕೆಟು ಕೊಂಡು ಬೆಂಚಿನಲ್ಲಿ ಕೂತೆ. ಪರದೆಯ ಪಕ್ಕ ಮೈಕಿನವನು ಯಾರೂ ಇರಲಿಲ್ಲ. ನನ್ನ ಗದ್ದಲವಿಲ್ಲದೆ ಆ ಚಿತ್ರವನ್ನು ನಾನು ನೋಡಿದ್ದು ಅದೇ ಮೊದಲು. ದಪ್ಪ ಪೈಲ್ವಾನ ಬಿದ್ದ. ಇಬ್ಬರು ಬಂದು ಅವನ ಕಾಲು ಹಿಡಿದು ಎಳೆದುಕೊಂಡು ಹೋದರು. ಮಕ್ಕಳು ಕೇಕೆ ಹಾಕಿ ನಕ್ಕರು. ನಾನು ಅವನು ಮತ್ತೆ ಬರುತ್ತಾನೇನೋ ಎಂದು ಕಾದೆ. ಕೊನೆಯಲ್ಲಿ ಮದುವೆಯ ಚಪ್ಪರದಲ್ಲಿ ದರ್ಜಿ, ಹುಡುಗಿ, ಹ್ಯಾಟಿನವನು, ಅಡುಗೆಯವನು ಸಹ ನಿಂತು ನಗುತ್ತಾರೆ. ದಪ್ಪ ಪೈಲ್ವಾನ ಅಲ್ಲೂ ಇರಲಿಲ್ಲ. ಬೆಳಿಗ್ಗೆ ಗರಡಿಗೆ ಯಾವ ಮುಖ ಇಟ್ಟುಕೊಂಡು ಹೋಗುತ್ತಾನೆ ಎಂದು ಭಾವ ಕೇಳಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. ಬೆಳಿಗ್ಗೆ ಕಡೂರಿಗೆ ಹೋಗುವ ಬದಲು ಬೀರೂರಿನಲ್ಲಿ ಇಳಿದು ಅಜ್ಜಂಪುರದ ರೈಲು ಹಿಡಿದೆ.

ವಸ್ತಾದರು ಗರಡಿಯ ಹೊರಗಿನ ಕಟ್ಟೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಕಣ್ಣು ಪೂರಾ ಹೋಗಿತ್ತು. ಒಳಗೆ ಮೂರೋ ನಾಲ್ಕೋ ಜನ ಸಾಮು ಮಾಡುವ ಸದ್ದು. ನಾನು ಯಾರೆಂದು ಹೇಳಿದೆ. ದಿನಾ ಬೀಳ್ತಿದ್ನಲ್ಲ, ಅವ್ನಾ ಎಂದು ನಕ್ಕರು.

"ಭಾವ ಅವತ್ತು ಯಾವ ಪಟ್ಟಿಗೆ ಬಿದ್ರು ಅಂತ ಹೇಳೋಕೆ ಬಂದಿದ್ದೀನಿ" ಎಂದೆ. "ಅವರು ಪಟ್ಟಿಗೆ ಬೀಳ್ಲಿಲ್ಲ. ನನ್ನ ಮಾತಿಗೆ ಬಿದ್ರು. ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳಿ ನಾನೇ ಬೀಳಿಸ್ದೆ."

ಅವರು ಬಯ್ಯಬಹುದು, ಕೋಲು ಎತ್ತಬಹುದು ಎಂದು ನಿಂತಿದ್ದೆ. ಮುದುಕರು ಕಂಬಳಿಯನ್ನು ಸರಿಯಾಗಿ ಎಳೆದುಕೊಂಡರು.

"ಅದಕ್ಕೂ ಮರುಪಟ್ಟು ಇತ್ತಲ್ಲಪ್ಪ" ಎಂದರು. "ಅವತ್ತೇ ನೀನು ಬಾಗಿಲಿಂದ ಒಂದು ಮಾತು ಅಂದಿದ್ರೆ ಆಗ್ತಿತ್ತು. ಆಂಜನೇಯಂಗೆ ಒಂದು ಕಾಯಿ ಒಡೆಸಿ, ಇಬ್ಬರಿಗೂ ನೂರು ಬಸ್ಕಿ ಹೊಡೆಸಿ ಮುಗಿಸ್ತಿದ್ದೆ. ಗರಡಿ ಮಾತು ಗರಡಿ ದಾಟ್ತಿರ್ಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದು ನನಗೆ ಗೊತ್ತಿತ್ತು. ಮೂರು ಸಲ ಕೇಳಿದ್ದು ಮತ್ತೆ ಯಾತಕ್ಕೆ ಅಂದ್ಕೊಂಡೆ?"

ನೂರು ಬಸ್ಕಿ. ಅಷ್ಟೇ ಆಗಿತ್ತು ಅದರ ಬೆಲೆ. ನಾನು ಟೆಂಟಿಗೆ ಬೆಂಕಿ ಬೀಳುವುದನ್ನೂ ನನ್ನ ಬೆನ್ನು ಮುರಿಯುವುದನ್ನೂ ಇಷ್ಟು ವರ್ಷ ಕಲ್ಪಿಸಿಕೊಂಡು ಕೂತಿದ್ದೆ.

"ಈಗ್ಲಾದ್ರೂ ಅವನನ್ನ ಕರ್ಕೊಂಡು ಬಾ" ಎಂದರು ವಸ್ತಾದರು.

ಓಡಿದೆ ಎಂದೇ ಹೇಳಬೇಕು. ಭಾವ ಹಿತ್ತಿಲಲ್ಲಿ ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಕೂದಲು ಬೆಳ್ಳಗಾಗಿತ್ತು, ಎದೆ ಇಳಿದಿತ್ತು. ಹೇಳಿಬಿಟ್ಟೆ ಭಾವ, ವಸ್ತಾದ್ರಿಗೆ ಎಲ್ಲಾ ಹೇಳಿಬಿಟ್ಟೆ ಎಂದೆ. ಯಜಮಾನರು ಕೆಲಸ ತೆಗೆಯುತ್ತೇನೆ ಎಂದು ಹೇಳಿರಲಿಲ್ಲ ಎನ್ನುವುದನ್ನೂ ಹೇಳಿದೆ. ಅವರು ಎಣ್ಣೆಯ ಕುಡಿಕೆಯನ್ನು ಕೆಳಗಿಟ್ಟರು.

"ಅದು ನನಗೆ ಆಗ್ಲೇ ಗೊತ್ತಿತ್ತು" ಎಂದರು. "ಕುಸ್ತಿ ಹಿಂದಿನ ದಿನ ಸ್ಟೇಷನ್ನಲ್ಲಿ ನಿಮ್ಮ ಯಜಮಾನ್ರು ಸಿಕ್ಕಿದ್ರು. ಹುಡುಗ ಚುರುಕಾಗವ್ನೆ, ಬಿಡಲ್ಲ ಅವನನ್ನ ಅಂದ್ರು."

"ಮತ್ತೆ ಯಾಕೆ ಬಿದ್ರಿ?"

"ಮಾತು ಕೊಟ್ಟಾಗಿತ್ತಲ್ಲ."

ವಸ್ತಾದರು ಕರೆಯುತ್ತಿದ್ದಾರೆ, ಬನ್ನಿ, ಈಗಲೇ ಹೋಗೋಣ ಎಂದು ಅವರ ತೋಳು ಹಿಡಿದೆ. ಅವರು ನಿಧಾನವಾಗಿ ಎದ್ದು ಕೈ ಒರೆಸಿಕೊಂಡರು.

"ಬತ್ತೀನಿ ನಡಿ. ಅವರ ಕಾಲು ಮುಟ್ಟಿ ಬರಬೇಕು. ಮಣ್ಣು ಹಿಡಿಯೋಕೆ ಇನ್ನು ಈ ಮೈಯಿಂದ ಆಗಲ್ಲ" ಎಂದರು. ನನ್ನ ಹಿಂದೆ ಎರಡು ಹೆಜ್ಜೆ ಇಟ್ಟು ನಿಂತರು. ಕೋಪವಿರಲಿಲ್ಲ ಮುಖದಲ್ಲಿ.

"ಅವತ್ತು ನಾನು ಬಾಗಿಲ ಕಡೆ ನೋಡ್ದೆನಲ್ಲ" ಎಂದರು, "ನಿನ್ನನ್ನೇ ನೋಡಿದ್ದು ಕಣೋ."